ರೋಡ್ಸ್ ದ್ವೀಪಕ್ಕೆ ಹೋಗುವವರಿಗೆ: ಬೀಚಿಗಿಂತ ಮೊದ್ಲು ಕೋಟೆ ನೋಡಿ

ರೋಡ್ಸ್‌ಗೆ ಹೋಗಿ ಬಂದ್ವಿ ಅಂತ ಗೊತ್ತಾದ ಮೇಲೆ ಊರಲ್ಲಿ ಎಲ್ರೂ ಕೇಳುವುದು ಒಂದೇ, ಬೀಚ್ ಹೇಗುಂಟು ಅಂತ. ಬೀಚ್ ಲಾಯ್ಕ ಉಂಟು, ನೀರು ತಿಳಿಯಾಗಿ ಅಡಿಯ ಕಲ್ಲು ಸಮೇತ ಕಾಣ್ತದೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಕಣ್ವತೀರ್ಥ, ಬೇಕಲ ಎಲ್ಲ ನೋಡಿ ಬೆಳೆದ ನಾವು ಅಷ್ಟು ಖರ್ಚು ಮಾಡಿ, ಷೆಂಗೆನ್ ವೀಸಾಕ್ಕೆ ಕಾಗದ ಹೊತ್ತುಕೊಂಡು ಅಲೆದು, ಗ್ರೀಸಿಗೆ ಹೋಗಿ ಛತ್ರಿ ಕೆಳಗೆ ಬಾಡಿಗೆ ಕುರ್ಚಿಯಲ್ಲಿ ಮಲಗುವುದು ದುಡ್ಡಿಗೆ ಸರಿಯಾದ ಬೆಲೆ ಅಲ್ಲ ಅಂತ ನನ್ನ ಖಂಡಿತ ಅಭಿಪ್ರಾಯ. ಈ ದ್ವೀಪದ ನಿಜವಾದ ಆಸ್ತಿ ಅದರ ಹಳೇ ಊರು, ಕೋಟೆಯೊಳಗಿನ ಊರು. 1988ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು. ನಾನು ಸ್ಟಾರ್ ಕೊಡುವುದಾದ್ರೆ ಆ ಹಳೇ ಊರಿಗೆ ಐದಕ್ಕೆ ಐದು, ಉಳಿದದ್ದೆಲ್ಲ ಆಮೇಲೆ.

ಸ್ವಲ್ಪ ಹಿನ್ನೆಲೆ ಹೇಳ್ತೇನೆ, ಇದು ಗೊತ್ತಿಲ್ಲದೆ ಹೋದ್ರೆ ಬರೀ ಕಲ್ಲು ಕಾಣ್ತದೆ. 1309ರಿಂದ 1522ರವರೆಗೆ ಈ ದ್ವೀಪ ಸೇಂಟ್ ಜಾನ್ ನೈಟ್ಸ್ ಅನ್ನುವವರ ಕೈಯಲ್ಲಿತ್ತು. ಅವರು ಯುರೋಪಿನ ಬೇರೆ ಬೇರೆ ಕಡೆಯಿಂದ ಬಂದ ಯೋಧ ಸನ್ಯಾಸಿಗಳು, ಆಸ್ಪತ್ರೆಯನ್ನೂ ನಡೆಸ್ತಿದ್ರು ಯುದ್ಧವನ್ನೂ ಮಾಡ್ತಿದ್ರು. ಅವರನ್ನು ಭಾಷೆ ಪ್ರಕಾರ ಗುಂಪು ಮಾಡಿದ್ರು, ಮೊದ್ಲು ಏಳು, 1462ರಲ್ಲಿ ಎಂಟಾಯ್ತು. ಫ್ರಾನ್ಸ್, ಪ್ರೊವಾನ್ಸ್, ಇಟಲಿ, ಇಂಗ್ಲೆಂಡ್, ಜರ್ಮನಿ ಹೀಗೆ. ಒಂದೊಂದು ಭಾಷೆಯವರಿಗೆ ಒಂದೊಂದು ವಸತಿಗೃಹ, ಕೋಟೆ ಗೋಡೆಯಲ್ಲೂ ಇಂಥ ತುಂಡು ಇಂಥ ಭಾಷೆಯವರು ಕಾಯ್ಬೇಕು ಅಂತ ಪಾಲು. ಸಪ್ತಭಾಷೆಯ ಊರು ಅಂತ ಹೆಸರಿರುವ ಕಾಸರಗೋಡಿನವರು, ಒಂದೇ ಬಸ್ಸಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಎಲ್ಲ ಕೇಳುವವರು ನಾವು, ಹಾಗಾಗಿ ಆ ಬೀದಿಯಲ್ಲಿ ನಿಂತು ಇದನ್ನು ಓದುವಾಗ ನನಗೆ ಒಂಥರಾ ರೋಮಾಂಚನ ಆಯ್ತು. ಆ ಬೀದಿಗೆ ನೈಟ್ಸ್ ಬೀದಿ ಅಂತಲೇ ಹೆಸರು. ಎರಡೂ ಬದಿ ಕಲ್ಲಿನ ಕಟ್ಟಡ, ಬಾಗಿಲ ಮೇಲೆ ಅವರವರ ಲಾಂಛನ ಕೆತ್ತಿದ್ದು ಈಗಲೂ ಉಂಟು, ಕೆಳಗೆ ನೆಲಕ್ಕೆ ಹಾಸಿದ್ದು ಗುಂಡು ಕಲ್ಲು. ಬೆಳಿಗ್ಗೆ ಏಳರ ಮುಂಚೆ ಹೋಗಿ, ದಯವಿಟ್ಟು. ಹತ್ತು ಗಂಟೆಗೆ ದೊಡ್ಡ ಹಡಗಿನಿಂದ ಇಳಿದ ಟೂರ್ ಗುಂಪುಗಳು ಬಂದ್ರೆ ಆಮೇಲೆ ಬೀದಿ ಕಾಣುವುದಿಲ್ಲ, ತಲೆಗಳೇ ಕಾಣುವುದು.

ಬೀದಿಯ ಮೇಲ್ತುದಿಗೆ ಗ್ರ್ಯಾಂಡ್ ಮಾಸ್ಟರ್, ಅಂದ್ರೆ ನೈಟ್ಸ್‌ಗಳ ಮುಖ್ಯಸ್ಥನ ಅರಮನೆ. ಹೊರಗಿನಿಂದ ಭಾರೀ ಗಾಂಭೀರ್ಯ, ಆದ್ರೆ ಒಂದು ವಿಷಯ ತಿಳ್ಕೊಂಡು ಹೋಗಿ: ಮೂಲ ಕಟ್ಟಡ 1856ರಲ್ಲಿ ಪಕ್ಕದ ಇಗರ್ಜಿಯಲ್ಲಿದ್ದ ಮದ್ದುಗುಂಡು ಸಿಡಿದು ಬಹುಪಾಲು ಹಾಳಾಗಿತ್ತು, ಈಗ ನಾವು ನೋಡುವುದು ಇಟಲಿಯವರು 1930ರ ದಶಕದ ಕೊನೆಗೆ ಪುನಃ ಕಟ್ಟಿದ್ದು. ಒಳಗಿನ ನೆಲದ ಮೊಸಾಯಿಕ್‌ಗಳು ಮಾತ್ರ ನಿಜವಾದ ಹಳೇವು, ಪಕ್ಕದ ಕೋಸ್ ದ್ವೀಪದಿಂದ ತಂದು ಕೂರಿಸಿದ್ದು. ಕೂದಲಿನ ಬದಲು ಹಾವಿರುವ ಪುರಾಣದ ಮೆಡೂಸಾಳ ಮುಖ ಇರುವ ಒಂದು ಉಂಟು, ಅದರ ಎದುರು ತುಂಬಾ ಹೊತ್ತು ನಿಂತೆ. ಹಳೇ ಆಸ್ಪತ್ರೆಯ ಕಟ್ಟಡದಲ್ಲೇ ಪುರಾತತ್ವ ಮ್ಯೂಸಿಯಂ, ಅಲ್ಲಿ ಕೂದಲು ಹಿಡ್ಕೊಂಡು ಮೊಣಕಾಲೂರಿ ಕೂತ ಪ್ರೇಮದೇವತೆ ಅಫ್ರೋಡೈಟಿಯ ಸಣ್ಣ ಅಮೃತಶಿಲೆ ಮೂರ್ತಿ. ಸಮಯ ಕಮ್ಮಿ ಇದ್ರೆ ಅರಮನೆ ಬಿಡಿ, ಮ್ಯೂಸಿಯಂ ಬಿಡ್ಬೇಡಿ.

ದುಡ್ಡೇ ಕೊಡದೆ ನೋಡುವ ದೊಡ್ಡ ಸಂಗತಿ ಅಂದ್ರೆ ಕೋಟೆಯ ಕಂದಕ. ಸುಮಾರು ನಾಲ್ಕು ಕಿಲೋಮೀಟರ್ ಗೋಡೆ, ಅದರ ಹೊರಗೆ ಒಣ ಕಂದಕ, ಅದರೊಳಗೆ ನಡೆಯುವ ದಾರಿ. ಫಿರಂಗಿಯ ಕಲ್ಲಿನ ಗುಂಡುಗಳು ಅಲ್ಲಲ್ಲಿ ಬಿದ್ದುಕೊಂಡೇ ಉಂಟು. 1480ರಲ್ಲಿ ತುರ್ಕಿಯ ಒಟ್ಟೋಮನ್ನರು ಮುತ್ತಿಗೆ ಹಾಕಿ ಸೋತು ಹೋದ್ರು, 1522ರಲ್ಲಿ ಸುಲ್ತಾನ್ ಸುಲೈಮಾನ್ ಸ್ವತಃ ಬಂದು ಆರು ತಿಂಗಳು ಕೂತು ಗೆದ್ದ, ನೈಟ್ಸ್ ಒಪ್ಪಂದ ಮಾಡ್ಕೊಂಡು 1523ರ ಜನವರಿ 1ಕ್ಕೆ ಹಡಗು ಹತ್ತಿದ್ರು. ಆ ಗೋಡೆಯ ಬುಡದಲ್ಲಿ ನಡೆಯುವಾಗ ತಲೆ ಎತ್ತಿ ನೋಡಿದ್ರೆ ಆರು ತಿಂಗಳು ಯಾಕೆ ಬೇಕಾಯ್ತು ಅಂತ ತನ್ನಷ್ಟಕ್ಕೆ ಗೊತ್ತಾಗ್ತದೆ.

ನಮ್ಮ ಬೇಕಲ ಕೋಟೆ ನನಗೆ ಪ್ರಾಣ. 17ನೇ ಶತಮಾನದಲ್ಲಿ ಕೆಳದಿಯವರು ಕಟ್ಟಿದ್ದು, ಸಮುದ್ರಕ್ಕೆ ಚಾಚಿಕೊಂಡ ಮುರಕಲ್ಲು, ಮಳೆಗಾಲದ ಹಸಿರು, ಆ ಚಂದ ರೋಡ್ಸಲ್ಲಿ ಇಲ್ಲ. ಆದ್ರೆ ಬೇಕಲದ ಒಳಗೆ ಜನ ಇಲ್ಲ, ಸಂಜೆ ಗೇಟು ಹಾಕ್ತಾರೆ. ರೋಡ್ಸಿನ ಕೋಟೆಯೊಳಗೆ ಇವತ್ತಿಗೂ ಸಾವಿರಾರು ಜನ ಸಂಸಾರ ಮಾಡ್ಕೊಂಡಿದ್ದಾರೆ, ಮುಖ್ಯ ಬೀದಿಯ ಅಂಗಡಿ ಸಾಲು ಬಿಟ್ಟು ಎರಡು ತಿರುವು ಒಳಗೆ ಹೋದ್ರೆ ಕಿಟಕಿಯಲ್ಲಿ ಬಟ್ಟೆ ಒಣಗಲಿಕ್ಕೆ ಹಾಕಿದ್ದು, ಮೆಟ್ಟಿಲ ಮೇಲೆ ಅಜ್ಜಿಯಂದಿರು, ಕಲ್ಲಿನ ಕಮಾನಿನ ಕೆಳಗೆ ಚೆಂಡಾಡುವ ಮಕ್ಕಳು, ಮತ್ತೆ ಲೆಕ್ಕ ಇಲ್ಲದಷ್ಟು ಬೆಕ್ಕುಗಳು. ಹಾಗಾಗಿ ಹೋಟೆಲ್ ಮಾಡುವುದಾದ್ರೆ ಕೋಟೆಯೊಳಗೇ ಮಾಡಿ, ರೂಮು ಸಣ್ಣದು, ಕಾರು ಬಾಗಿಲಿಗೆ ಬರುವುದಿಲ್ಲ, ಬ್ಯಾಗ್ ನಾವೇ ಎಳೀಬೇಕು, ಆದ್ರೂ ಅಲ್ಲೇ ಇರಿ.

ಒಂದು ಜಾಗ ವಿಶೇಷವಾಗಿ ಹೇಳ್ಬೇಕು, ಹೆಚ್ಚಿನವರು ಫೋಟೋ ಹೊಡೆದು ಮುಂದೆ ಹೋಗ್ತಾರೆ. ಕೋಟೆಯ ಪೂರ್ವ ಭಾಗದಲ್ಲಿ ಯಹೂದಿಗಳ ಕೇರಿ, ಕಹಾಲ್ ಶಾಲೋಮ್ ಅನ್ನುವ 1577ರ ಸಿನಗಾಗ್, ಅಂದ್ರೆ ಅವರ ಪ್ರಾರ್ಥನಾ ಮಂದಿರ. ಸ್ಪೇನಿನಿಂದ ಓಡಿಸಲ್ಪಟ್ಟು ಬಂದವರು ಇಲ್ಲಿ ಸ್ಪ್ಯಾನಿಷ್ ಮೂಲದ ತಮ್ಮ ಲಡೀನೊ ಭಾಷೆ ಮಾತಾಡ್ಕೊಂಡು ತಲೆಮಾರುಗಟ್ಟಲೆ ಬಾಳಿದ್ರು. 1944ರ ಜುಲೈಯಲ್ಲಿ ನಾಜಿಗಳು 1,600ಕ್ಕೂ ಹೆಚ್ಚು ಜನರನ್ನು ಹಡಗಿಗೆ ತುಂಬಿಸಿ, ಕೊಲೆ ಶಿಬಿರ ಇದ್ದ ಆಶ್ವಿಟ್ಸ್‌ಗೆ ಕಳಿಸಿದ್ರು, ಬದುಕಿ ಉಳಿದವರು 150ರ ಆಸುಪಾಸು. ಚೌಕದಲ್ಲಿ ಸ್ಮಾರಕ ಉಂಟು, ಅದರ ಸುತ್ತ ಐಸ್‌ಕ್ರೀಂ ಅಂಗಡಿಗಳು. ಮಕ್ಕಳಿದ್ರೆ ಅವರಿಗೂ ನಿಲ್ಲಿಸಿ ಹೇಳಿ. ಒಂದು ಭಾಷೆ ಒಂದು ಕೇರಿಯಿಂದ ಒಂದೇ ವಾರದಲ್ಲಿ ಇಲ್ಲದ ಹಾಗೆ ಆಗುವುದು ಅಂದ್ರೆ ಎಂತ ಅಂತ ಗಡಿನಾಡಲ್ಲಿ ಮನೆಮಾತು ಉಳಿಸ್ಲಿಕ್ಕೆ ಒದ್ದಾಡುವ ನಮಗೆ ಬೇಗ ತಟ್ಟುತ್ತದೆ, ನನಗಂತೂ ಅಲ್ಲಿಂದ ಏಳ್ಲಿಕ್ಕೇ ಮನಸ್ಸಾಗ್ಲಿಲ್ಲ.

ಲಿಂಡೋಸ್. ಪೇಟೆಯಿಂದ ಸುಮಾರು 50 ಕಿಲೋಮೀಟರ್, ಮಂಡ್ರಾಕಿ ಬಂದರಿನ ಹತ್ರ ಹೊಸ ಮಾರ್ಕೆಟ್ ಪಕ್ಕದಿಂದ ಪೂರ್ವ ಕರಾವಳಿಯ ಬಸ್ ಸಿಕ್ತದೆ, ಟ್ಯಾಕ್ಸಿಗೆ ಸುರಿಯುವ ಅಗತ್ಯ ಇಲ್ಲ. ಕೆಳಗೆ ಬಿಳಿ ಮನೆಗಳು, ಮೇಲೆ 116 ಮೀಟರ್ ಎತ್ತರದ ಬಂಡೆಯಲ್ಲಿ ಅಥೀನಾ ಲಿಂಡಿಯಾಳ ದೇವಸ್ಥಾನದ ಕಂಬಗಳು. ಹತ್ತುವಾಗ ಮೆಟ್ಟಿಲ ಬುಡದಲ್ಲಿ ಬಂಡೆಗೇ ಕೆತ್ತಿದ ಹಡಗಿನ ಹಿಂಭಾಗ ಒಂದುಂಟು, ಕ್ರಿಸ್ತಪೂರ್ವ 180ರ ಆಸುಪಾಸಿನದು, ಏದುಸಿರಲ್ಲಿ ಜನ ಅದನ್ನು ನೋಡದೇ ದಾಟ್ತಾರೆ, ನೀವು ನಿಲ್ಲಿ. ಮೇಲಿಂದ ಒಂದು ಬದಿಗೆ ಸೇಂಟ್ ಪಾಲ್ ಕೊಲ್ಲಿ, ಸಂತ ಪೌಲ ಬಂದಿಳಿದದ್ದು ಅಲ್ಲೇ ಅಂತ ಅಲ್ಲಿಯವರ ನಂಬಿಕೆ. ಕತ್ತೆ ಮೇಲೆ ಕೂರಿಸಿ ಹತ್ತಿಸ್ತೇವೆ ಅಂತ ಕೇಳ್ತಾರೆ, ಬೇಡ. ಆ ಬಿಸಿಲಲ್ಲಿ ಆ ಪ್ರಾಣಿ ದಿನಕ್ಕೆ ಎಷ್ಟು ಸಲ ಹತ್ತಿ ಇಳೀತದೆ ಅಂತ ಕಣ್ಣಾರೆ ನೋಡಿದ್ರೆ ನಿಮಗೂ ಬೇಡ ಅನ್ನಿಸ್ತದೆ. ಮೇಲೆ ಮರದ ನೆರಳೇ ಇಲ್ಲ, ಟೊಪ್ಪಿ, ನೀರು, ಹಿಡಿತ ಇರುವ ಚಪ್ಪಲಿ ಬೇಕೇ ಬೇಕು. ನಾಲ್ಕೂವರೆ ಸ್ಟಾರ್.

ಚಿಟ್ಟೆ ಕಣಿವೆ ಅಂತ ಪೆಟಲೂದೆಸ್ ಉಂಟಲ್ಲ, ಅದನ್ನು ಜೂನಿನಿಂದ ಸೆಪ್ಟೆಂಬರ್ ಒಳಗೆ ಹೋದ್ರೆ ಮಾತ್ರ ಲಿಸ್ಟಿಗೆ ಹಾಕಿ, ಆಗಸ್ಟ್ ಆದ್ರೆ ಭಾರೀ ಒಳ್ಳೇದು. ಅವು ನಿಜಕ್ಕೆ ಚಿಟ್ಟೆಗಳಲ್ಲ, ಪತಂಗಗಳು, ಕೂತಾಗ ಕಂದು ಬಿಳಿ ಪಟ್ಟೆ, ಹಾರಿದಾಗ ಕೆಂಪು. ಅಲ್ಲಿರುವ ಒಂದು ಜಾತಿಯ ಮರದ ಅಂಟಿನ ಪರಿಮಳಕ್ಕೆ, ತೊರೆಯ ತಂಪಿಗೆ ಬಂದು ಕೂರ್ತವೆ. ಕೈ ತಟ್ಟಿ ಹಾರಿಸಬಾರದು ಅಂತ ಬೋರ್ಡ್ ಉಂಟು, ಅದು ಸುಮ್ಮನೆ ಹಾಕಿದ್ದಲ್ಲ, ಆ ಹೊತ್ತಿಗೆ ಅವು ಕೂಡಿಟ್ಟ ಶಕ್ತಿಯಲ್ಲೇ ಬದುಕುವುದು, ಹಾರಿ ಹಾರಿ ಸುಸ್ತಾದ್ರೆ ಮೊಟ್ಟೆ ಇಡುವ ಮುಂಚೆ ಸಾಯ್ತವೆ. ಆದ್ರೂ ಚಪ್ಪಾಳೆ ತಟ್ಟಿ ವೀಡಿಯೊ ಮಾಡುವವರನ್ನು ನೋಡಿ ನನಗೆ ಸಿಟ್ಟು ಬಂತು.

ಕೊಲೊಸಸ್ ಎಲ್ಲುಂಟು ಅಂತ ಹುಡುಕ್ಬೇಡಿ. ಸೂರ್ಯದೇವ ಹೀಲಿಯೊಸ್‌ನ ಸುಮಾರು 33 ಮೀಟರ್ ಎತ್ತರದ ಕಂಚಿನ ಮೂರ್ತಿ ಕ್ರಿಸ್ತಪೂರ್ವ 226ರ ಭೂಕಂಪಕ್ಕೇ ಬಿತ್ತು, ಒಂದು ಚೂರೂ ಉಳಿದಿಲ್ಲ. ಮಂಡ್ರಾಕಿ ಬಂದರಿನ ಬಾಯಲ್ಲಿ ಈಗ ಇರುವುದು ಎರಡು ಕಂಬದ ಮೇಲೆ ಜಿಂಕೆಗಳು. ಸಂಜೆ ತಿರುಗ್ಲಿಕ್ಕೆ ಚಂದ, ಅಷ್ಟೇ. ಆದ್ರೆ ಬಂದರಿನ ಎದುರಿನ ಊಟದ ಹೋಟೆಲುಗಳಲ್ಲಿ ಬೆಲೆ ಕೇಳಿಯೇ ಕೂರಿ, ಒಂದು ಕಡೆ ನಾವು ಕೇಳದ ಬ್ರೆಡ್ಡಿಗೂ ಆಲಿವಿಗೂ ಬಿಲ್ ಹಾಕಿದ್ರು.

ನಮ್ಮಂಥ ಮನಸ್ಸಿನವರಿಗೆ ಇಷ್ಟ ಆಗುವ ಮತ್ತೊಂದು ಜಾಗ ತ್ಸಾಂಬಿಕಾ. ಗುಡ್ಡದ ತುದಿಗೆ ಸಣ್ಣ ಇಗರ್ಜಿ, ಸುಮಾರು ಮುನ್ನೂರು ಮೆಟ್ಟಿಲು. ಮಕ್ಕಳಾಗ್ಬೇಕು ಅಂತ ಹರಕೆ ಹೊತ್ತ ಹೆಂಗಸರು ಬರಿಗಾಲಲ್ಲಿ ಹತ್ತುತ್ತಾರೆ, ಮಗು ಆದ್ರೆ ಅದಕ್ಕೆ ತ್ಸಾಂಬಿಕಾ ಅಥವಾ ತ್ಸಾಂಬಿಕೊಸ್ ಅಂತ ಹೆಸರಿಡ್ತಾರೆ. ಸೆಪ್ಟೆಂಬರ್ 8ಕ್ಕೆ ಹಬ್ಬ. ಹತ್ತಿಯೇ ಹತ್ತಿ, ಮೇಲಿನ ಗಾಳಿಗೆ ಬೆವರೆಲ್ಲ ಆರ್ತದೆ.

ಸಸ್ಯಾಹಾರಿಗಳು ಹೆದರ್ಬೇಡಿ, ಬದಿಯಡ್ಕ ಪೆರ್ಲ ಕಡೆಯ ಹವ್ಯಕರು ಸುಮಾರು ಜನ ನನ್ನತ್ರ ಮೊದ್ಲು ಇದನ್ನೇ ಕೇಳಿದ್ದು. ಈ ದ್ವೀಪದ್ದೇ ತಿಂಡಿ ಪಿತಾರುದ್ಯ ಉಂಟು, ಕಾಬೂಲಿ ಕಡಲೆ ಅರೆದು ಈರುಳ್ಳಿ, ಟೊಮೆಟೊ, ಪುದೀನ ಹಾಕಿ ಎಣ್ಣೆಯಲ್ಲಿ ಕರಿದದ್ದು, ಬಿಸಿ ಇರುವಾಗ ತಿನ್ಬೇಕು. ದಪ್ಪ ಬಿಳಿ ಬೀನ್ಸಿನ ಗಿಗಾಂಡೆಸ್, ಬೇಯಿಸಿದ ಸೊಪ್ಪಿಗೆ ಲಿಂಬೆ ಹಿಂಡಿದ ಹೋರ್ತಾ, ಇವೆರಡಿದ್ರೆ ಊಟ ಆಯ್ತು. ದ್ರಾಕ್ಷಿ ಎಲೆ ಸುತ್ತಿದ ದೋಲ್ಮಾದೆಸ್‌ಗೆ ಮಾಂಸ ಹಾಕಿರ್ತಾರಾ ಅಂತ ಕೇಳಿಯೇ ತಗೊಳ್ಳಿ. ಮೆಲೆಕೂನಿ ಅಂತ ಎಳ್ಳು ಜೇನಿನ ಸಿಹಿ ಮದುವೆಗೆ ಹಂಚುವುದಂತೆ, ಬಾಯಿಗೆ ಹಾಕಿದ್ರೆ ಮನೆಯ ಎಳ್ಳುಂಡೆಯೇ, ಊರಿಗೆ ತರ್ಲಿಕ್ಕೆ ಅದಕ್ಕಿಂತ ಒಳ್ಳೆ ವಸ್ತು ಇಲ್ಲ.

ಹೋಗುವ ಕಾಲ ಮೇ, ಇಲ್ಲ ಸೆಪ್ಟೆಂಬರ್ ಕೊನೆ. ಜುಲೈ ಆಗಸ್ಟಲ್ಲಿ ಬಿಸಿಲು ಜಾಸ್ತಿ, 2023ರ ಜುಲೈಯಲ್ಲಿ ಕಾಡ್ಗಿಚ್ಚು ಹಬ್ಬಿ ಸಾವಿರಾರು ಪ್ರವಾಸಿಗರನ್ನು ಹೋಟೆಲಿನಿಂದ ಎಬ್ಬಿಸಿ ಸಾಗಿಸ್ಬೇಕಾಯ್ತು. ಚಳಿಗಾಲಕ್ಕೆ ತುಂಬಾ ಹೋಟೆಲು ಬಂದ್ ಇರ್ತದೆ. ಮಂಗಳೂರಿಂದಲೋ ಕಣ್ಣೂರಿಂದಲೋ ಗಲ್ಫ್ ಮೇಲೆ ಅಥೆನ್ಸಿಗೆ ಹೋಗಿ, ಅಲ್ಲಿಂದ ವಿಮಾನ ಆದ್ರೆ ಒಂದು ಗಂಟೆ ಚಿಲ್ಲರೆ, ಹಡಗಾದ್ರೆ ಒಂದು ರಾತ್ರಿ ಪೂರ್ತಿ. ವೀಸಾಕ್ಕೆ ಕಮ್ಮಿ ಅಂದ್ರೆ 30,000 ಯೂರೋದ ಟ್ರಾವೆಲ್ ಇನ್ಶೂರೆನ್ಸ್ ಬೇಕು. ಮಂಡಿನೋವು ಇರುವ ಹಿರಿಯರನ್ನು ಕರ್ಕೊಂಡು ಹೋಗುವುದಾದ್ರೆ ಲಿಂಡೋಸ್ ಹತ್ತಿಸ್ಬೇಡಿ, ಹಳೇ ಊರಿನ ಗುಂಡು ಕಲ್ಲಿನ ಬೀದಿಯೂ ಅವರಿಗೆ ಕಷ್ಟವೇ, ಕಂದಕದ ದಾರಿ ಮತ್ತೆ ಮಂಡ್ರಾಕಿ ಸಾಕು.