ಹನ್ನೆರಡು ಶನಿವಾರ ತಿಗರಿ ಮುಂದೆ: ನಾನು ಸೇರಿದ ಕುಂಬಾರಿಕೆ ಕ್ಲಾಸ್ ಹೇಗಿತ್ತು

ಮೊದಲ ನಾಲ್ಕು ವಾರ ನಾನು ಮಾಡಿದ ಒಂದು ಬಟ್ಟಲೂ ಮನೆಗೆ ಬರಲಿಲ್ಲ. ಒಂದೊಂದನ್ನೂ ತಿಗರಿ ಮೇಲೇ ತಂತಿ ಹಾಕಿ ಎರಡು ಹೋಳು ಮಾಡಿಸಿದರು. ಮೊದಲನೇ ಸಲ ತುಂಬ ಬೇಜಾರಾಯಿತು. ಈಗ ಕೇಳಿದರೆ, ಆ ಕ್ಲಾಸಿಗೆ ಕೊಟ್ಟ ದುಡ್ಡು ಸಾರ್ಥಕ ಆಗಿದ್ದೇ ಅಲ್ಲಿ ಅಂತ ಹೇಳುತ್ತೇನೆ.

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಒಂದು ಸಣ್ಣ ಸ್ಟುಡಿಯೋ ಅದು. ಹನ್ನೆರಡು ಶನಿವಾರ, ದಿನಕ್ಕೆ ಎರಡೂವರೆ ಗಂಟೆ, 14,000 ರೂಪಾಯಿ. ಆರು ಜನರ ಬ್ಯಾಚು, ಆರು ಕರೆಂಟ್ ತಿಗರಿ. ನನಗೆ ಅಲ್ಲಿ ಕೆಲವು ದೂರುಗಳೂ ಇವೆ, ಅದಕ್ಕೇ ಹೆಸರು ಬರೆಯುತ್ತಿಲ್ಲ. ಆದರೆ ಕಲಿಸುವ ರೀತಿ ಬಗ್ಗೆ ಬಿಡಿಸಿ ಹೇಳಲೇಬೇಕು. ಮಣ್ಣಿನ ಹದ ಗುರುತಿಸುವುದನ್ನು ಇಷ್ಟು ತಾಳ್ಮೆಯಿಂದ ಕಲಿಸಿದವರನ್ನು ನಾನು ಬೇರೆ ಕಡೆ ನೋಡಿಲ್ಲ.

ಬೇರೆ ಕಡೆಯೂ ಹೋಗಿದ್ದೆ. ಎರಡು ವರ್ಷದ ಹಿಂದೆ ಒಂದು ಭಾನುವಾರದ ವರ್ಕ್‌ಶಾಪು, ಎರಡು ಗಂಟೆಗೆ 1,500 ರೂಪಾಯಿ. ಕೂರಿಸಿದರು, ನನ್ನ ಕೈ ಮೇಲೆ ಅವರ ಕೈ ಇಟ್ಟರು, ಹತ್ತು ನಿಮಿಷದಲ್ಲಿ ಚೆಂದದ ಹೂದಾನಿ ಎದ್ದು ನಿಂತಿತು. ಫೋಟೋ ತೆಗೆದುಕೊಟ್ಟರು. ಆದರೆ ಆ ಹೂದಾನಿ ಮಾಡಿದ್ದು ಅವರು, ನಾನಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿ ಒಂದು ದಿನ ಮಣ್ಣು ಮುಟ್ಟಿಸೋಕೆ ಅದು ಸಾಕು. ಕಲಿಯಬೇಕು ಅಂತಿದ್ದರೆ ಆ ದುಡ್ಡು ಉಳಿಸಿಕೊಳ್ಳಿ.

ಈ ಕ್ಲಾಸಿನಲ್ಲಿ ಮೊದಲ ದಿನ ಪೂರ್ತಿ ಮಣ್ಣು ನಾದಿದ್ದೇ ಆಯಿತು. ತಿಗರಿ ಹತ್ತಿರ ಹೋಗಲು ಬಿಡಲಿಲ್ಲ. ಚಪಾತಿ ಹಿಟ್ಟು ನಾದಿದ ಕೈ, ಇದೇನು ಕಷ್ಟ ಅಂದುಕೊಂಡಿದ್ದೆ. ಚಪಾತಿ ಹಿಟ್ಟನ್ನು ನಾವು ಮಡಚಿ ಮಡಚಿ ನಾದುತ್ತೇವೆ ಅಲ್ವಾ, ಮಣ್ಣಿಗೆ ಹಾಗೆ ಮಾಡಿದರೆ ಮಡಚಿದ ಪದರದೊಳಗೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಅಂಗೈ ಬುಡದಿಂದ ಮುಂದಕ್ಕೆ ತಳ್ಳಿ, ಸ್ವಲ್ಪ ತಿರುಗಿಸಿ ಎತ್ತಿ, ಮತ್ತೆ ತಳ್ಳಬೇಕು. ಸರಿಯಾಗಿ ನಾದಿದ್ದರೆ ಮುದ್ದೆ ಶಂಖದ ಹಾಗೆ ಸುರುಳಿ ಸುತ್ತಿಕೊಳ್ಳುತ್ತದೆ. ಅಲ್ಲಿ ಮಣ್ಣು ಕಲಸಿ ತಯಾರು ಮಾಡುವ ಅಣ್ಣ ಒಬ್ಬರಿದ್ದಾರೆ, ಕುಂಬಾರ ಮನೆತನದವರು. ನಮ್ಮ ಮುದ್ದೆಗಳನ್ನೆಲ್ಲ ಅವರೇ ತಂತಿಯಿಂದ ಕತ್ತರಿಸಿ ಒಳಗೆ ತೋರಿಸಿದರು. ನನ್ನದರಲ್ಲಿ ಸಾಸಿವೆ ಗಾತ್ರದ ಏಳು ತೂತು ಇದ್ದವು. ಅವರದ್ದು ಬೆಣ್ಣೆ ಕೊಯ್ದ ಹಾಗಿತ್ತು.

ಎರಡನೇ ವಾರ ತಿಗರಿ ಮುಂದೆ ಕೂತೆ. ಅರ್ಧ ಕಿಲೋ ಮಣ್ಣಿನ ಉಂಡೆಯನ್ನು ನಡುವಿಗೆ ತರಬೇಕು, ಅದಕ್ಕೆ ಸೆಂಟರಿಂಗ್ ಅನ್ನುತ್ತಾರೆ. ತಿಗರಿ ತಿರುಗುವಾಗ ಉಂಡೆ ಒಂದು ಕಡೆ ಉಬ್ಬಿ ಕೈಯನ್ನು ತಳ್ಳುತ್ತದೆ. ನಾವು ಅದನ್ನು ತಿರುಗಿ ತಳ್ಳಲು ಹೋಗುತ್ತೇವೆ. ತಪ್ಪಾಗುವುದೇ ಅಲ್ಲಿ. ನಾನು ಮೈಯೆಲ್ಲ ಬಿಗಿ ಮಾಡಿಕೊಂಡು ಒತ್ತುತ್ತಿದ್ದಾಗ ಕಲಿಸುವ ಸರ್ ಬಂದು ಪಕ್ಕದಲ್ಲಿ ಕೂತರು. "ನೀವು ಮಣ್ಣಿನ ಜೊತೆ ಜಗಳಕ್ಕೆ ನಿಂತಿದ್ದೀರಮ್ಮ. ಮೊಣಕೈ ತೊಡೆಗೆ ಊರಿ. ಕೈ ಅಲ್ಲಾಡಿಸಬೇಡಿ, ಸುಮ್ನೆ ಇಟ್ಟುಕೊಂಡಿರಿ. ಅದೇ ಬಂದು ಸರಿಹೋಗುತ್ತೆ" ಅಂದರು. ಮೊಣಕೈ ಊರಿದೆ. ಎಡ ಅಂಗೈ ಪಕ್ಕದಿಂದ, ಬಲಗೈ ಮೇಲಿಂದ. ಉಂಡೆಯನ್ನು ಕೋಡಿನ ಹಾಗೆ ಮೇಲಕ್ಕೆಬ್ಬಿಸಿ, ಮತ್ತೆ ಕೆಳಕ್ಕೆ ತಗ್ಗಿಸಿ, ಹಾಗೇ ಮೂರು ಸಲ. ಮೂರನೇ ಸಲ ಕೈಯೊಳಗಿನ ಕುಲುಕಾಟ ತಟ್ಟನೆ ನಿಂತಿತು. ತಿಗರಿ ಜೋರಾಗಿ ತಿರುಗುತ್ತಿದೆ, ಮಣ್ಣು ಮಾತ್ರ ನಿಂತ ಹಾಗೆ ಕಾಣುತ್ತಿದೆ. ಕಣ್ಣು ಮುಚ್ಚಿ ನೋಡಿ ಅಂದರು. ಮುಚ್ಚಿದರೂ ಅಷ್ಟೇ, ಅಂಗೈಗೆ ಒಂದು ನುಣುಪು ಬಿಟ್ಟು ಬೇರೇನೂ ತಿಳಿಯಲಿಲ್ಲ. ಆ ನಿಮಿಷಕ್ಕೆ ನನಗೆ ಕಣ್ಣಲ್ಲಿ ನೀರು ಬಂತು. ಇದನ್ನು ಇಲ್ಲಿ ಬರೆಯಲು ನನಗೇನೂ ಸಂಕೋಚ ಇಲ್ಲ.

ಆಮೇಲೆ ನಡುವೆ ಹೆಬ್ಬೆರಳಿನಿಂದ ಬಾಯಿ ತೆರೆಯುವುದು, ತಳವನ್ನು ಬೆರಳಿನಿಂದ ಒತ್ತಿ ಬಿಗಿ ಮಾಡುವುದು. ಈ ತಳ ಬಿಗಿ ಮಾಡುವ ಕೆಲಸ ಬಿಟ್ಟರೆ ಒಣಗುವಾಗ ತಳದಲ್ಲಿ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಿರುಕು ಬರುತ್ತದೆ. ನನ್ನ ಬ್ಯಾಚಿನಲ್ಲಿ ಎರಡು ತಟ್ಟೆಗೆ ಬಂತು. ಕೊನೆಗೆ ಒಳಗೊಂದು ಬೆರಳು, ಹೊರಗೊಂದು ಬೆರಳು ಇಟ್ಟು ಗೋಡೆ ಎಬ್ಬಿಸುವುದು. ಎಬ್ಬಿಸಿ ಮುಗಿಸಿದ್ದೇ ತಡ, ತಂತಿ ಕೊಟ್ಟು "ಕೊಯ್ಯಿರಿ" ಅನ್ನುತ್ತಿದ್ದರು. ಹೋಳಾದ ಬಟ್ಟಲಿನ ಕೊಯ್ದ ಗೋಡೆ ನೋಡಿದರೆ ನಮ್ಮ ತಪ್ಪೆಲ್ಲ ಅಲ್ಲೇ ಕಾಣುತ್ತದೆ. ನನ್ನದು ಬುಡದಲ್ಲಿ ಹೆಬ್ಬೆರಳು ದಪ್ಪ, ನಡುವೆ ಹಪ್ಪಳ. ನಾಲ್ಕನೇ ವಾರದ ಕೊನೆಗೆ ಬುಡದಿಂದ ಬಾಯಿವರೆಗೆ ಹೆಚ್ಚುಕಡಿಮೆ ಒಂದೇ ದಪ್ಪ ಬಂತು. ಇಟ್ಟುಕೊಂಡ ಬಟ್ಟಲು ಇದನ್ನು ಯಾವತ್ತೂ ತೋರಿಸುತ್ತಿರಲಿಲ್ಲ.

ನಾನು ಸಾಗರದ ಕಡೆಯವಳು. ಚಿಕ್ಕವಳಿದ್ದಾಗ ಅಜ್ಜಿ ಜೊತೆ ಕುಂಬಾರಕೇರಿಗೆ ಹೋಗಿ ಅನ್ನದ ಮಡಕೆ ತರುತ್ತಿದ್ದೆವು. ಅಲ್ಲಿ ನೆಲದ ಮೇಲೆ ದೊಡ್ಡ ಚಕ್ರ, ಅದರ ಅಂಚಿನ ಗುಳಿಗೆ ಕೋಲು ಸಿಕ್ಕಿಸಿ ಗಿರಗಿರ ತಿರುಗಿಸಿ ಬಿಡುತ್ತಿದ್ದರು. ಆ ವೇಗ ಕಡಿಮೆಯಾಗುವುದರೊಳಗೆ ಗಡಿಗೆಯ ಬಾಯಿ, ಕೊರಳು ಸಿದ್ಧ. ಆದರೆ ತಳ ಇರುತ್ತಿರಲಿಲ್ಲ. ಸ್ವಲ್ಪ ಆರಿದ ಮೇಲೆ ಒಳಗೆ ಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಗೋಡೆಯನ್ನು ತೆಳು ಮಾಡುತ್ತ ತಳ ಮುಚ್ಚುತ್ತಿದ್ದರು. ಆ ತಟ್ಟುವ ಸದ್ದು ಕೇರಿಗೆಲ್ಲ ಕೇಳುತ್ತಿತ್ತು. ಭಾಲ್ಕಿಯ ಕುಂಬಾರ ಗುಂಡಯ್ಯ ಗಡಿಗೆ ತಟ್ಟಿದ ತಾಳಕ್ಕೆ ಶಿವನೇ ಬಂದು ಕುಣಿದ ಕಥೆ ಗೊತ್ತಲ್ಲ, ಆ ಸದ್ದು ಕೇಳಿದವರಿಗೆ ಆ ಕಥೆ ಕಟ್ಟುಕಥೆ ಅನ್ನಿಸುವುದಿಲ್ಲ. ಈ ಕ್ಲಾಸಿನಲ್ಲಿ ತಟ್ಟುವ ವಿಧಾನ ಪಾಠದಲ್ಲಿ ಇಲ್ಲ. ನಾವು ಕೇಳಿಕೊಂಡಿದ್ದಕ್ಕೆ ಆ ಅಣ್ಣ ಒಂದು ದಿನ ಊಟದ ಹೊತ್ತಿನಲ್ಲಿ ಮಾಡಿ ತೋರಿಸಿದರು. ಅದನ್ನು ಪಾಠವಾಗಿಯೇ ಸೇರಿಸಬೇಕು, ಅವರಿಗೆ ಅದಕ್ಕೆ ತಕ್ಕ ಸಂಬಳವನ್ನೂ ಕೊಡಬೇಕು.

ಐದನೇ ವಾರದಿಂದ ಹದದ ಪಾಠ. ತಿಗರಿಯಿಂದ ಇಳಿಸಿದ ಬಟ್ಟಲು ಒದ್ದೆಯೂ ಅಲ್ಲದೆ ಒಣಗಿಯೂ ಇರದೆ, ಗಟ್ಟಿ ಬೆಣ್ಣೆಯ ಹಾಗೆ ಆಗುವ ಒಂದು ಹೊತ್ತು ಇದೆ. ಕ್ಲಾಸಿನಲ್ಲಿ ಲೆದರ್ ಹಾರ್ಡ್ ಅನ್ನುತ್ತಾರೆ. ಬುಡದ ಹೆಚ್ಚಿನ ಮಣ್ಣು ಕೆತ್ತುವುದು, ಹಿಡಿ ಕೂಡಿಸುವುದು, ಅಲಂಕಾರ, ಎಲ್ಲವೂ ಆ ಹೊತ್ತಿನಲ್ಲೇ ಆಗಬೇಕು. ಕೆತ್ತಿದ ಮಣ್ಣು ಸೌತೆಕಾಯಿ ಸಿಪ್ಪೆಯ ಹಾಗೆ ಉದ್ದಕ್ಕೆ ಬಂದರೆ ಹದ ಸರಿ. ಬೆರಳಿಗೆ ಅಂಟಿದರೆ ಕಾಯಿರಿ. ಪುಡಿ ಉದುರಿದರೆ ಹೊತ್ತು ಮೀರಿತು. ಪೂರ್ತಿ ಒಣಗಿದೆಯಾ ಅಂತ ನೋಡಲು ಅಣ್ಣ ಬಟ್ಟಲನ್ನು ಕೆನ್ನೆಗೆ ಒತ್ತಿಕೊಳ್ಳುತ್ತಾರೆ. ತಣ್ಣಗೆ ತಗುಲಿದರೆ ಒಳಗೆ ಇನ್ನೂ ನೀರಿದೆ ಅಂತ ಅರ್ಥ. ಹಾಗೇ ಸುಡುವ ಗೂಡಿಗಿಟ್ಟರೆ ನೀರು ಆವಿಯಾಗಿ ಬಟ್ಟಲು ಸಿಡಿಯುತ್ತದೆ. ನಾನೂ ಈಗ ಕೆನ್ನೆಗೇ ಇಟ್ಟು ನೋಡುತ್ತೇನೆ. ಮಾರ್ಚಿನಲ್ಲಿ ಒಂದು ರಾತ್ರಿಗೆ ಬರುವ ಹದ ಜುಲೈ ಮಳೆಯಲ್ಲಿ ಮೂರು ದಿನ ಆದರೂ ಬರುವುದಿಲ್ಲ. ಅದಕ್ಕೆ ವಾರದ ಮಧ್ಯೆ ಒಂದು ಸಲ ಹೋಗಿ ಪ್ಲಾಸ್ಟಿಕ್ ಹೊದಿಕೆ ತೆಗೆದು ನೋಡಿ ಬರಲು ಬಿಡುತ್ತಾರೆ. ಇದಕ್ಕೆ ಬೇರೆ ದುಡ್ಡಿಲ್ಲ. ತುಂಬ ಒಳ್ಳೆಯ ಏರ್ಪಾಡು.

ಅಲಂಕಾರದ ನಾಲ್ಕು ವಾರ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾಯಿತು. ಮೊದಲು ಸ್ಲಿಪ್, ಅಂದರೆ ನೀರಲ್ಲಿ ಕದಡಿ ಸೋಸಿದ ತೆಳು ಮಣ್ಣು. ನೀರುದೋಸೆ ಹಿಟ್ಟಿಗಿಂತ ಗಟ್ಟಿ, ಉದ್ದಿನ ದೋಸೆ ಹಿಟ್ಟಿಗಿಂತ ಸ್ವಲ್ಪ ತೆಳು. ಅದನ್ನು ರಬ್ಬರ್ ಬುಡ್ಡಿಗೆ ತುಂಬಿ ಎಳೆ ಎಳೆಯಾಗಿ ಬಿಡುವುದು ಒಂದು ವಿಧಾನ. ಮೆಹೆಂದಿ ಕೋನ್ ಹಿಡಿದು ಅಭ್ಯಾಸ ಇದ್ದವರಿಗೆ ಅದು ಒಂದೇ ದಿನಕ್ಕೆ ಬರುತ್ತದೆ. ನಮ್ಮ ಬ್ಯಾಚಿನ ಹುಡುಗಿಯೊಬ್ಬಳು ಮೊದಲ ತಟ್ಟೆಗೇ ಚುಕ್ಕಿ ರಂಗೋಲಿ ಬಿಟ್ಟಳು, ಒಂದು ಎಳೆಯೂ ತುಂಡಾಗಲಿಲ್ಲ.

ಇನ್ನೊಂದು ಸ್ಗ್ರಫೀತೊ. ಇಟಲಿ ಭಾಷೆಯ ಹೆಸರು, ಕೆರೆದು ಬಿಡಿಸುವುದು ಅಂತ ಅರ್ಥ. ಕೆಂಪು ಮಣ್ಣಿನ ತಟ್ಟೆಗೆ ಬಿಳಿ ಸ್ಲಿಪ್ ಬಳಿದೆ. ಬಳಿದ ತಕ್ಷಣ ಅದು ಹಸಿ ಪೇಂಟಿನ ಹಾಗೆ ಹೊಳೆಯುತ್ತಿರುತ್ತದೆ. ಹೊಳಪು ಆರುವವರೆಗೆ ಕಾಯಬೇಕು. ನಾನು ಕಾಯದೆ ಸೂಜಿ ಇಟ್ಟೆ, ಗೆರೆಯ ಎರಡೂ ಕಡೆ ಮಣ್ಣು ಕೆದರಿ ನಿಂತಿತು. ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬಳಿದೆ. ಈ ಸಲ ಇಪ್ಪತ್ತು ನಿಮಿಷ ಕೈಕಟ್ಟಿ ಕೂತೆ. ಸೂಜಿ ಎಳೆದರೆ ಬಿಳಿಯ ಕೆಳಗಿನ ಕೆಂಪು ಗೆರೆ ನೀಟಾಗಿ ತೆರೆದುಕೊಂಡಿತು, ಎದ್ದ ಮಣ್ಣು ಸಣ್ಣ ಶ್ಯಾವಿಗೆ ಎಳೆಯ ಹಾಗೆ ಸುರುಳಿಯಾಗಿ ಪಕ್ಕಕ್ಕೆ ಬಿತ್ತು. ಆ ಶ್ಯಾವಿಗೆಯನ್ನು ಆಗಲೇ ಉಜ್ಜಿ ತೆಗೆಯಬಾರದು. ಒಣಗಿದ ಮೇಲೆ ಮೆತ್ತನೆ ಬ್ರಶ್ಶಿನಿಂದ ಗುಡಿಸಿದರೆ ತಾನೇ ಹೋಗುತ್ತದೆ.

ಏನು ಬಿಡಿಸಬೇಕು ಅಂತ ನಾನು ಯೋಚನೆ ಮಾಡಬೇಕಾಗಿರಲಿಲ್ಲ. ನಮ್ಮ ಕಡೆ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿ ಅರೆದ ಬಿಳಿ, ಪುಂಡಿ ನಾರಿನ ಕುಂಚ. ಕೆಂಪು, ಬಿಳಿ ಎರಡೇ ಬಣ್ಣ ಎದುರಿಗೆ ಇದ್ದಾಗ ಕೈ ತಾನಾಗಿ ಆ ಅಡ್ಡಗೆರೆ, ಮೂಲೆಗೆರೆಗಳಿಗೆ ಹೋಯಿತು. ಅಲ್ಲಿ ಕೆಂಪಿನ ಮೇಲೆ ಬಿಳಿ ಗೆರೆ ಎಳೆಯುತ್ತಾರೆ, ಇಲ್ಲಿ ಬಿಳಿ ಕೆರೆದು ಕೆಂಪು ತೆಗೆಯಬೇಕು, ಲೆಕ್ಕ ತಿರುಗುಮುರುಗು. ಗೆರೆ ಬಿಟ್ಟು ಗೆರೆಯ ಸುತ್ತಲಿನದನ್ನು ಕೆರೆಯಬಹುದು ಅಂತ ಸರ್ ತೋರಿಸಿದ ಮೇಲೆ ಬಿಳಿ ಗೆರೆಯೂ ಸಿಕ್ಕಿತು. ಒಂದು ಅಂಗೈ ಅಗಲಕ್ಕೆ ಮೂರು ಗಂಟೆ ಹಿಡಿಯಿತು.

ಮೂರನೆಯದು ಗೆರೆ ಕೊರೆದು ಅದರೊಳಗೆ ಬೇರೆ ಬಣ್ಣದ ಸ್ಲಿಪ್ ತುಂಬಿ, ಆರಿದ ಮೇಲೆ ಮೇಲ್ಭಾಗ ಹೆರೆದು ತೆಗೆಯುವುದು. ಜಪಾನಿನಲ್ಲಿ ಮಿಶಿಮಾ ಅನ್ನುತ್ತಾರೆ, ಕೊರಿಯಾದ ಕುಂಬಾರರು ಅದಕ್ಕಿಂತ ಎಷ್ಟೋ ಮೊದಲಿಂದ ಮಾಡುತ್ತ ಬಂದಿದ್ದಾರೆ. ಬಿದರಿ ಕೆಲಸದಲ್ಲಿ ಲೋಹ ಕೊರೆದು ಬೆಳ್ಳಿ ತುಂಬುತ್ತಾರಲ್ಲ, ಯೋಚನೆ ಅದೇ. ಇದಕ್ಕೆ ಕೊಟ್ಟಿದ್ದು ಒಂದೇ ಕ್ಲಾಸು. ಸಾಲದು. ಎರಡಾದರೂ ಬೇಕಿತ್ತು.

ಈಗ ದೂರುಗಳು. ಒಣಗಿದ ಮೇಲೆ ಸುಮಾರು 1,000 ಡಿಗ್ರಿಯಲ್ಲಿ ಒಂದು ಸುಡುವಿಕೆ. ಆಮೇಲೆ ಗ್ಲೇಸ್, ಅಂದರೆ ಸುಟ್ಟಾಗ ಗಾಜಿನ ಹಾಗಾಗುವ ಲೇಪ, ಹಾಕಿ ಇನ್ನೊಂದು. ಹೆಚ್ಚು ಬಿಸಿಗೆ ಸುಡುವ ಸ್ಟೋನ್‌ವೇರ್ ಮಣ್ಣಾದರೆ 1,200 ಡಿಗ್ರಿಗೂ ಮೇಲೆ. ಗೂಡು ತುಂಬುವವರೆಗೆ ಉರಿಸುವುದಿಲ್ಲ. ಅದು ಸರಿ, ಕರೆಂಟ್ ಖರ್ಚು ಜಾಸ್ತಿ. ಆದರೆ ಐದು ವಾರ ಕಾಯಿಸಿ, ಕೇಳಿದಾಗೆಲ್ಲ "ಈ ವಾರ ಆಗುತ್ತೆ ಮೇಡಂ" ಅಂದಿದ್ದು ಸರಿಯಲ್ಲ. 14,000ದಲ್ಲಿ ಮೊದಲ ಸುಡುವಿಕೆ ಮಾತ್ರ ಸೇರಿದೆ, ಗ್ಲೇಸಿನದು ತೂಕದ ಮೇಲೆ ಬೇರೆ ಅಂತ ಗೊತ್ತಾಗಿದ್ದು ಹತ್ತನೇ ವಾರ. ನನಗೆ 2,200 ರೂಪಾಯಿ ಹೆಚ್ಚಿಗೆ ಬಿತ್ತು. ಮೊದಲೇ ಹೇಳಿದ್ದರೆ ಕೊಡುತ್ತಿದ್ದೆ, ಬೇಸರವೂ ಆಗುತ್ತಿರಲಿಲ್ಲ. ಗೂಡು ಬಿಸಿಯಿರುವಾಗಲೇ ತೆರೆದಿದ್ದರಿಂದ ನನ್ನ ಒಂದು ಮಗ್ ಸೀಳಿತು. ಮಣ್ಣಿನಲ್ಲಿರುವ ಸ್ಫಟಿಕದ ಕಣ 573 ಡಿಗ್ರಿಯಲ್ಲಿ ಒಮ್ಮೆಗೇ ಹಿಗ್ಗುತ್ತದೆ, ತಣಿಯುವಾಗ ಅದೇ ಜಾಗದಲ್ಲಿ ಕುಗ್ಗುತ್ತದೆ, ಅದಕ್ಕೇ ನಿಧಾನ ಬೇಕು ಅಂತ ಪಾಠ ಮಾಡಿದವರೇ ಅವರು. ನಿಧಾನ ಅನ್ನೋದು ಅಷ್ಟಕ್ಕೇ ಅಲ್ಲ, ಗೂಡು ಪೂರ್ತಿ ಆರುವವರೆಗೂ ಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಅಂದು ಮನೆಗೆ ಹೋಗುವ ದಾರಿಯೆಲ್ಲ ಅದೇ ಮಾತು ತಲೆಯಲ್ಲಿತ್ತು.

ಇದೆಲ್ಲಕ್ಕಿಂತ ದೊಡ್ಡದು ಧೂಳು. ಕ್ಲಾಸ್ ಮುಗಿದ ಮೇಲೆ ಒಣ ಪೊರಕೆಯಲ್ಲಿ ಗುಡಿಸುತ್ತಿದ್ದರು. ಒಣಗಿದ ಮಣ್ಣಿನ ನುಣ್ಣನೆ ಧೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ ಸಿಲಿಕೋಸಿಸ್ ಬರಬಹುದು, ಬಂದರೆ ವಾಸಿಯಾಗುವುದಿಲ್ಲ. ವಾರಕ್ಕೊಮ್ಮೆ ಬರುವ ನಮಗಿಂತ ದಿನವಿಡೀ ಅಲ್ಲೇ ಇರುವ ಆ ಅಣ್ಣನಿಗೆ ಅಪಾಯ ಜಾಸ್ತಿ. ಒದ್ದೆ ಬಟ್ಟೆಯಲ್ಲಿ ಒರೆಸಬೇಕು ಅಷ್ಟೇ. ಇದಕ್ಕೆ ಖರ್ಚೇನೂ ಇಲ್ಲ.

ಗ್ಲೇಸಿನಲ್ಲಿ ಸೀಸ ಇದೆಯಾ ಅಂತ ಕೇಳಿದ್ದಕ್ಕೆ ಮಾತ್ರ ಸರಿಯಾದ ಉತ್ತರ ಸಿಕ್ಕಿತು. ಡಬ್ಬಗಳ ಮೇಲೆ ಊಟಕ್ಕೆ ಯಾವುದು, ಬರೀ ಅಂದಕ್ಕೆ ಯಾವುದು ಅಂತ ಬರೆದಿಟ್ಟಿದ್ದಾರೆ. ನೀವು ಎಲ್ಲೇ ಸೇರಿದರೂ ಇದನ್ನು ಕೇಳಿ. ಸೀಸದ ಗ್ಲೇಸಿನ ಪಾತ್ರೆಗೆ ಉಪ್ಪಿನಕಾಯಿ, ಹುಣಸೆ ಗೊಜ್ಜು, ನಿಂಬೆಹಣ್ಣಿನ ಅಡುಗೆ ಹಾಕಿದರೆ ಆ ಹುಳಿಗೆ ಸೀಸ ಬಿಟ್ಟುಕೊಳ್ಳುತ್ತದೆ.

ಉಗುರು ಕತ್ತರಿಸಿಕೊಂಡು ಹೋಗಿ, ಹಳೆ ಕಾಟನ್ ಬಟ್ಟೆ ಹಾಕಿಕೊಳ್ಳಿ. ಬೆನ್ನುನೋವಿದ್ದರೆ ಮೊದಲೇ ಹೇಳಿ, ಸ್ಟೂಲ್ ಎತ್ತರ ಮಾಡಿಕೊಡುತ್ತಾರೆ. ಇಷ್ಟು ದುಡ್ಡು ಆಗಲ್ಲ ಅನ್ನುವವರು ಒಂದು ದಿನ ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನಿಗೆ ಹೋಗಿ, ಕೆಲಸ ನಡೆಯುತ್ತಿದ್ದರೆ ನಿಂತು ನೋಡಿ. ಕಸುಬಾಗಿಯೇ ಕಲಿಯಬೇಕು ಅನ್ನುವವರಿಗೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇದೆ, ಅಲ್ಲಿ ವಿಚಾರಿಸಬಹುದು.

ಮನೆಗೆ ಬಂದಿದ್ದು ಐದು ಸಾಮಾನು. ಹಸೆ ಚಿತ್ತಾರದ ತಟ್ಟೆ ದೇವರ ಮನೆಯಲ್ಲಿದೆ. ತಿಗರಿಯಿಂದ ಇಳಿಸಿದಾಗ 15 ಸೆಂಟಿಮೀಟರ್ ಅಗಲ ಇದ್ದ ಸ್ಟೋನ್‌ವೇರ್ ಬಟ್ಟಲು ಎರಡು ಸುಡುವಿಕೆ ಮುಗಿದು 13.3ಕ್ಕೆ ಇಳಿದಿದೆ, ಅದರಲ್ಲಿ ದಿನಾ ಮೊಸರನ್ನ ತಿನ್ನುತ್ತೇನೆ. ಮುಂದಿನ ಬ್ಯಾಚಿಗೂ ದುಡ್ಡು ಕಟ್ಟಿದ್ದೇನೆ. ಕಟ್ಟುವ ದಿನ ನನ್ನ ದೂರುಗಳನ್ನು ಒಂದು ಹಾಳೆಯಲ್ಲಿ ಬರೆದು ಸರ್ ಕೈಗೆ ಕೊಟ್ಟೆ. ನಿಂತಲ್ಲೇ ಪೂರ್ತಿ ಓದಿದರು. ಕಳೆದ ಶನಿವಾರ ಹೋದಾಗ ಬಾಗಿಲ ಪಕ್ಕ ಬಕೆಟ್ಟು, ಒದ್ದೆ ಬಟ್ಟೆ ಇತ್ತು, ಪೊರಕೆ ಕಾಣಲಿಲ್ಲ. ಗ್ಲೇಸ್ ರೇಟಿನ ಬೋರ್ಡು ಇನ್ನೂ ಹಾಕಿಲ್ಲ.