ಕೈಯಲ್ಲಿ ಟಿಕೆಟ್ ಇದ್ದರೂ ದಂಡ ಕಟ್ಟಿದೆವು: ಹೊರದೇಶದಲ್ಲಿ ಬಸ್ಸು, ಮೆಟ್ರೋ ಹತ್ತುವವರು ದಯವಿಟ್ಟು ಓದಿ

ಮೂರು ಜನ, ಮೂರು ಟಿಕೆಟ್. ಮೂರೂ ನನ್ನ ಜೇಬಿನಲ್ಲೇ ಇದ್ದವು. ಆದರೂ ಜರ್ಮನಿಯ ಒಂದು ನಗರದಲ್ಲಿ ತಲೆಗೆ 60 ಯೂರೋ ಲೆಕ್ಕದಲ್ಲಿ 180 ಯೂರೋ ದಂಡ ಕಟ್ಟಿ ಬಂದೆವು. ಟಿಕೆಟ್ ಇಲ್ಲದೆ ಹತ್ತಿದವರಿಗೆ ಹಾಕುವ ದಂಡವೇ ಅದು.

ಅಪ್ಪ, ಅಮ್ಮನ ಜೊತೆ ಹೋಗಿದ್ದೆ. ಮೊದಲ ಎರಡು ದಿನ ಬೇರೆ ಊರಿನಲ್ಲಿದ್ದೆವು. ಅಲ್ಲಿ ಯಂತ್ರದಿಂದ ಬರುವಾಗಲೇ ಟಿಕೆಟ್ ಮೇಲೆ ತಾರೀಕು, ಗಂಟೆ ಅಚ್ಚಾಗಿರುತ್ತಿತ್ತು. ತಗೊಂಡು ನೇರವಾಗಿ ರೈಲು ಹತ್ತಿದರೆ ಆಯಿತು. ಮೂರನೇ ದಿನ ಈ ಊರಿಗೆ ಬಂದೆವು. ನೋಡಲು ಅದೇ ಥರದ ಯಂತ್ರ, ಅದೇ ಥರದ ಟಿಕೆಟ್. ಇಲ್ಲಿ ಠಸ್ಸೆ ನಾವೇ ಹೊಡೆಸಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಜರ್ಮನಿಯ ಊರೊಳಗಿನ ರೈಲು ನಿಲ್ದಾಣಗಳಲ್ಲಿ ಸಾಮಾನ್ಯವಾಗಿ ಗೇಟು ಇರುವುದಿಲ್ಲ. ಯಾರೂ ತಡೆಯುವುದಿಲ್ಲ. ಪ್ಲಾಟ್‌ಫಾರ್ಮಿಗೆ ಹೋಗುವ ದಾರಿಯಲ್ಲಿ ಒಂದು ಚಿಕ್ಕ ಪೆಟ್ಟಿಗೆ ಇರುತ್ತದೆ, ಅಷ್ಟೇ. ಬಸ್ಸು, ಟ್ರಾಮ್ ಆದರೆ ಸಾಮಾನ್ಯವಾಗಿ ಒಳಗೇ ಇರುತ್ತದೆ. ಟಿಕೆಟ್‌ನ ತುದಿಯನ್ನು ಅದರ ಸಂದಿಗೆ ತೂರಿಸಿದರೆ ಟಕ್ ಅಂತ ತಾರೀಕು, ಸಮಯ ಬೀಳುತ್ತದೆ. ಟಿಕೆಟ್ ಚಾಲೂ ಆಗುವುದು ಆಗಲೇ. ಠಸ್ಸೆ ಬೀಳದ ಟಿಕೆಟ್ಟನ್ನು ನಾಳೆಯೂ ಬಳಸಬಹುದು, ನಾಡಿದ್ದೂ ಬಳಸಬಹುದು, ಅಲ್ವಾ? ಅದಕ್ಕೇ ಚೆಕ್ ಮಾಡುವವರ ಕಣ್ಣಿಗೆ ಅದು ಟಿಕೆಟ್ಟೇ ಅಲ್ಲ.

ಎರಡು ನಿಲ್ದಾಣ ದಾಟಿರಬೇಕು. ನಮ್ಮ ಪಕ್ಕದಲ್ಲೇ ಜೀನ್ಸ್ ಹಾಕಿಕೊಂಡು ನಿಂತಿದ್ದ ಇಬ್ಬರು ಬಾಗಿಲು ಮುಚ್ಚಿದ ಕೂಡಲೇ ಗುರುತಿನ ಚೀಟಿ ತೆಗೆದರು. ಚೆಕಿಂಗ್‌ನವರು! ನಾನು ಧೈರ್ಯವಾಗಿಯೇ ಟಿಕೆಟ್ ಕೊಟ್ಟೆ. ಅವರು ತಿರುಗಿಸಿ ನೋಡಿ, ಮುಂದಿನ ನಿಲ್ದಾಣದಲ್ಲಿ ಇಳಿಯಿರಿ ಅಂದರು. “ಟಿಕೆಟ್ ತಗೊಂಡಿದ್ದೀವಲ್ಲಪ್ಪಾ, ಮತ್ತೇನಂತೆ ಇವರಿಗೆ?” ಅಂತ ಅಮ್ಮ ಕೇಳುತ್ತಲೇ ಇದ್ದರು. ಸುತ್ತಲಿನವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಜೀವನದಲ್ಲಿ ಒಂದು ದಿನವೂ ಟಿಕೆಟ್ ಇಲ್ಲದೆ ಬಸ್ಸು ಹತ್ತಿದವರಲ್ಲ ಅವರು. ದುಡ್ಡು ಹೋದದ್ದಕ್ಕಿಂತ ಅದೇ ನನಗೆ ಜಾಸ್ತಿ ನೋವು ಕೊಟ್ಟಿತು.

ನಾವು ಪ್ರವಾಸಿಗರು, ಗೊತ್ತಿರಲಿಲ್ಲ, ಈಗಷ್ಟೇ ಕೊಂಡದ್ದು ಅಂತ ಎಲ್ಲಾ ಹೇಳಿದೆ. ಅವರು ಒರಟಾಗಿ ಮಾತಾಡಲಿಲ್ಲ, ಬಿಡಲೂ ಇಲ್ಲ. ಟಿಕೆಟ್ ಮೇಲೆ ಸಣ್ಣ ಅಕ್ಷರದಲ್ಲಿದ್ದ ಒಂದು ಸಾಲನ್ನು ಬೆರಳಿಟ್ಟು ತೋರಿಸಿದರು: ‘ಬಿಟ್ಟೆ ಎಂಟ್‌ವೆರ್ಟನ್’. ದಯವಿಟ್ಟು ಠಸ್ಸೆ ಹೊಡೆಸಿ ಅಂತ ಅರ್ಥ. ಈ ಎರಡನೇ ಪದ ನೆನಪಿಟ್ಟುಕೊಳ್ಳಿ. ಅದು ಕಂಡರೆ ಮೊದಲು ಪೆಟ್ಟಿಗೆ ಹುಡುಕಿ, ಆಮೇಲೆ ರೈಲು ಹತ್ತಿ.

ಇದು ಜರ್ಮನಿಯೊಂದರ ಕಥೆಯಲ್ಲ. ಪ್ರಾಗ್ ಮೆಟ್ರೋದಲ್ಲಿ ಒಳಗೆ ಹೋಗುವ ದಾರಿಯಲ್ಲೇ ಠಸ್ಸೆಯ ಯಂತ್ರಗಳಿರುತ್ತವೆ, ಆದರೆ ಅಡ್ಡಗಟ್ಟುವ ಗೇಟು ಇರುವುದಿಲ್ಲ. ಇಟಲಿಯಲ್ಲಿ ಹತ್ತಿರದೂರುಗಳ ರೈಲಿನ ಕಾಗದದ ಟಿಕೆಟ್‌ಗೂ ಹತ್ತುವ ಮೊದಲೇ ಠಸ್ಸೆ ಬೀಳಬೇಕು. ಪ್ಯಾರಿಸ್‌ನಲ್ಲಿ ಗೇಟು ದಾಟಿದ ಮೇಲೂ ಟಿಕೆಟ್ ಅಥವಾ ಕಾರ್ಡು ಜೋಪಾನವಾಗಿಟ್ಟುಕೊಳ್ಳಿ, ಹೊರಗೆ ಬರುವವರೆಗೂ ಕೇಳಬಹುದು.

ಟಿಕೆಟ್ ಬದಲು ಬ್ಯಾಂಕ್ ಕಾರ್ಡನ್ನೇ ಯಂತ್ರಕ್ಕೆ ಮುಟ್ಟಿಸಿ ಹೋಗುವ ಊರುಗಳಲ್ಲಿ ಈ ಗೋಳಿಲ್ಲ ಅಂತ ಸುಮ್ನೆ ಇರಬೇಡಿ. ಲಂಡನ್ ಬಸ್ಸುಗಳು 2014ರಿಂದ ನಗದು ತಗೊಳ್ಳುವುದೇ ಇಲ್ಲ. ಅಲ್ಲಿ ಬಸ್ಸಿಗೆ ಹತ್ತುವಾಗ ಮಾತ್ರ ಮುಟ್ಟಿಸಿದರೆ ಸಾಕು. ಸುರಂಗ ರೈಲಿಗೆ ಹೊರಗೆ ಬರುವಾಗಲೂ ಮುಟ್ಟಿಸಬೇಕು, ಇಲ್ಲದಿದ್ದರೆ ಅತಿ ಹೆಚ್ಚಿನ ದರ ಕತ್ತರಿಸುತ್ತಾರೆ. ಸಿಂಗಪುರದಲ್ಲಿ ಬಸ್ಸಿನಿಂದ ಇಳಿಯುವಾಗಲೂ ಮುಟ್ಟಿಸಬೇಕು. ಎಲ್ಲರೂ ಎಡವುವ ಜಾಗ ಇನ್ನೊಂದಿದೆ. ಫೋನಿನಲ್ಲಿರುವ ಕಾರ್ಡು, ಪರ್ಸಿನಲ್ಲಿರುವ ಅದೇ ಕಾರ್ಡು ಯಂತ್ರದ ಲೆಕ್ಕದಲ್ಲಿ ಎರಡು ಬೇರೆ ಕಾರ್ಡು. ಒಳಗೆ ಹೋಗುವಾಗ ಫೋನು, ಹೊರಗೆ ಬರುವಾಗ ಪ್ಲಾಸ್ಟಿಕ್ ಕಾರ್ಡು ಮುಟ್ಟಿಸಿದರೆ ಎರಡು ಅರೆಬರೆ ಪ್ರಯಾಣ ಆಗುತ್ತವೆ, ಎರಡಕ್ಕೂ ದುಡ್ಡು ಹೋಗುತ್ತದೆ. ಫೋನಿನಲ್ಲಿ ಚಾರ್ಜ್ ಕಡಿಮೆ ಇದ್ದರೆ ಮೊದಲಿನಿಂದಲೂ ಪ್ಲಾಸ್ಟಿಕ್ ಕಾರ್ಡನ್ನೇ ಬಳಸಿ. ಅಪ್ಪ, ಅಮ್ಮನಿಗೂ ನಿಮ್ಮ ಕಾರ್ಡನ್ನೇ ಮುಟ್ಟಿಸಲು ಹೋಗಬೇಡಿ. ಲಂಡನ್‌ನಲ್ಲಿ ದೊಡ್ಡವರಿಗೆ ತಲೆಗೊಂದು ಕಾರ್ಡು ಬೇಕೇ ಬೇಕು.

ಯಾರಾದರೂ ದಂಡ ಕೇಳಿದರೆ ಮೊದಲು ಅವರ ಗುರುತಿನ ಚೀಟಿ ನೋಡಿ. ರಸೀದಿ ಇಲ್ಲದೆ ನಗದು ಕೊಡಬೇಡಿ. ನಾವು ಕಾರ್ಡಿನಲ್ಲಿ ಕಟ್ಟಿ ರಸೀದಿ ತಗೊಂಡೆವು. ಆಮೇಲೆ ಅದೇ ನಿಲ್ದಾಣದಲ್ಲಿ ಅಮ್ಮನನ್ನು ಆ ಪೆಟ್ಟಿಗೆಯ ಹತ್ತಿರ ಕರೆದುಕೊಂಡು ಹೋಗಿ, ಹೊಸದಾಗಿ ಕೊಂಡ ಮೂರು ಟಿಕೆಟ್‌ಗೂ ಅವರ ಕೈಯಿಂದಲೇ ಠಸ್ಸೆ ಹೊಡೆಸಿದೆ.