‘ಶುದ್ಧ ಮೆರಿನೊ’ ಅಂತ ನಂಬಿಸಿ ಅಕ್ರಿಲಿಕ್ ಕಳಿಸಿದರು: ಆನ್‌ಲೈನ್‌ನಲ್ಲಿ ಉಲನ್ ತರಿಸುವವರು ದಯವಿಟ್ಟು ಓದಿ

ಸ್ವೆಟರ್ ಹೆಣೆಯುವವರು, ಅದರಲ್ಲೂ ಇನ್‌ಸ್ಟಾಗ್ರಾಂ ಪೇಜುಗಳಿಂದ ಉಲನ್ ತರಿಸುವವರು, ಸ್ವಲ್ಪ ಪುರುಸೊತ್ತು ಮಾಡಿಕೊಂಡು ಇದನ್ನು ಓದಿ. ‘100% ಮೆರಿನೊ (ಮೆರಿನೊ ತಳಿ ಕುರಿಯ ಮೆತ್ತನೆ ಉಣ್ಣೆ), ಕೈಯಲ್ಲೇ ಬಣ್ಣ ಹಾಕಿದ್ದು’ ಅಂತ ನನಗೆ ಮಾರಿದ್ದು ಅಕ್ರಿಲಿಕ್, ಅಂದರೆ ಉಣ್ಣೆಯೇ ಅಲ್ಲದ ಕೃತಕ ನೂಲು. ಐದು ಲಡಿಗೆ 4,500 ರೂಪಾಯಿ. ಕೇಳಿದ ಪ್ರತಿ ಪ್ರಶ್ನೆಗೂ ಒಂದೊಂದು ಸುಳ್ಳು ಹೇಳಿದರು. ಕೊನೆಗೆ ತಪ್ಪೆಲ್ಲ ನನ್ನದೇ ಅಂತ ಮಾಡಿ ಬ್ಲಾಕ್ ಮಾಡಿದರು.

ಅಕ್ಕನ ಮಗಳಿಗೆ ಅಂತ ಶುರು ಮಾಡಿದ ಸ್ವೆಟರ್ ಅದು. ಬೆಂಗಳೂರಲ್ಲಿ ಕೆಲಸ, ಆಫೀಸಲ್ಲಿ ದಿನವಿಡೀ ಎಸಿ. ಹೊರಗೆ ಬಂದರೆ ಬಿಸಿಲು. ಉದ್ದ ತೋಳಿನದು ಬೇಡ ಚಿಕ್ಕಮ್ಮ, ಅರ್ಧ ತೋಳಿನದು ಹಾಕಿಕೊಡಿ, ಬಣ್ಣ ಮಾತ್ರ ಜಾಸ್ತಿ ಇರಲಿ ಅಂದಿದ್ದಳು. ಅಕ್ರಿಲಿಕ್ ಅವಳಿಗೆ ಆಗುವುದಿಲ್ಲ. ಬೆವರು ಹೀರುವುದಿಲ್ಲ, ಮೈಗೆ ಅಂಟಿಕೊಂಡ ಹಾಗೆ ಆಗುತ್ತದೆ. ಉಣ್ಣೆ ಹಾಗಲ್ಲ, ಬೆವರನ್ನು ತಾನೇ ಹೀರಿಕೊಳ್ಳುತ್ತದೆ. ಆದರೆ ನಮ್ಮ ಕಡೆಯ ಕುರಿಯ ಉಣ್ಣೆ ಒರಟು, ಕಂಬಳಿಗೆ ಸರಿ, ಮೈಗೆ ತಾಗುವ ಬಟ್ಟೆಗೆ ಚುಚ್ಚುತ್ತದೆ. ಅದಕ್ಕೇ ಮೆರಿನೊ. ಅದು ಹೆಚ್ಚಾಗಿ ಆಸ್ಟ್ರೇಲಿಯಾದಿಂದ ಬರಬೇಕು, ಹಾಗಾಗಿ ಬೆಲೆಯೂ ಜಾಸ್ತಿ. ಅಂಗಡಿಯಲ್ಲಿ ನೂರು, ನೂರೈವತ್ತಕ್ಕೆ ಸಿಗುವ 100 ಗ್ರಾಂ ಅಕ್ರಿಲಿಕ್ ಉಂಡೆ ಬಿಟ್ಟು ಲಡಿಗೆ 900 ಕೊಟ್ಟಿದ್ದು ಈ ಒಂದೇ ಕಾರಣಕ್ಕೆ.

ಪೇಜ್ ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಹಗ್ಗದ ಮೇಲೆ ಒಣಗಲು ಹಾಕಿದ ಲಡಿಗಳ ಫೋಟೊ. ಬಣ್ಣದ ಪಾತ್ರೆಗಳ ವಿಡಿಯೊ. ‘ಸಣ್ಣ ಉದ್ಯಮ, ನಿಮ್ಮ ಬೆಂಬಲ ಬೇಕು’ ಅನ್ನೋ ಮಾತು. ಅರಿಶಿನದ ಹಳದಿ, ಕುಂಕುಮದ ಕೆಂಪು, ನವಿಲು ನೀಲಿ, ಎಲೆ ಹಸಿರು, ಐದನೆಯದು ಬಣ್ಣ ಹಾಕದ ಕೆನೆಬಿಳಿ. ‘ಇದು ಬಣ್ಣ ಹಾಕದ, ನ್ಯಾಚುರಲ್ ಮೆರಿನೊ’ ಅಂತ ಅವರೇ ಬರೆದಿದ್ದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕತ್ತಿನಿಂದ ಶುರು ಮಾಡಿ ಕೆಳಗೆ ಇಳಿಯುವ ಸ್ವೆಟರ್, 4 ಮಿಲಿಮೀಟರ್ ಸರ್ಕ್ಯುಲರ್ ಕಡ್ಡಿ. ಮೊದಲು ಸ್ಯಾಂಪಲ್ ಹಾಕಿ, ಒಗೆದು, ಒಣಗಿಸಿ ಅಳೆದೆ. 10 ಸೆಂಟಿಮೀಟರಿಗೆ 22 ಹೊಲಿಗೆ, ಸರಿಯಾಗಿಯೇ ಬಂತು. ತಣ್ಣೀರಲ್ಲಿ ಒಗೆದರೆ ಅಕ್ರಿಲಿಕ್ ಆಗಲಿ ಉಣ್ಣೆಯಾಗಲಿ ಅಂಥ ವ್ಯತ್ಯಾಸ ತೋರಿಸುವುದಿಲ್ಲ. ಈಗ ಬರುವ ಒಳ್ಳೆ ಅಕ್ರಿಲಿಕ್ ಅಂತೂ ಎಷ್ಟು ಮೆತ್ತಗಿರುತ್ತದೆ ಅಂದರೆ ಮುಟ್ಟಿದರೆ ಗೊತ್ತಾಗುವುದೇ ಇಲ್ಲ.

ಪಟ್ಟೆ ಪಟ್ಟೆಯಾಗಿ ಬಣ್ಣ ಬದಲಿಸುವಾಗ ಎಳೆಗಳ ತುದಿ ಜೋಡಿಸಬೇಕಲ್ವಾ? ಉಣ್ಣೆಯಾದರೆ ಎರಡು ತುದಿಯನ್ನೂ ಬಿಡಿಸಿ, ಒದ್ದೆ ಮಾಡಿ, ಅಂಗೈಯಲ್ಲಿ ಚೆನ್ನಾಗಿ ಉಜ್ಜಿದರೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಗಂಟೇ ಬೇಡ. ಇಲ್ಲಿ ಎಷ್ಟು ಉಜ್ಜಿದರೂ ಬೆಸೆಯಲಿಲ್ಲ. ಆಗಲೇ ಮೆಸೇಜ್ ಮಾಡಿ ಕೇಳಿದೆ. ಅವರ ಉತ್ತರ: ‘ಇದು ಸೂಪರ್‌ವಾಶ್ ಮೆರಿನೊ ಮೇಡಂ, ಸೂಪರ್‌ವಾಶ್ ಬೆಸೆಯಲ್ಲ.’

ಈ ಉತ್ತರ ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ. ಯಾಕಂದರೆ ಆ ಮಾತು ನಿಜ. ಮಷೀನಲ್ಲಿ ಒಗೆದರೂ ಕುಗ್ಗದ ಹಾಗೆ ಸಂಸ್ಕರಿಸಿದ ಉಣ್ಣೆ ಬೆಸೆಯುವುದಿಲ್ಲ. ಅಂದರೆ ಇವರಿಗೆ ವಿಷಯ ಚೆನ್ನಾಗಿ ಗೊತ್ತು. ಗಿರಾಕಿ ಯಾವ ಹಂತದಲ್ಲಿ ಏನು ಕೇಳುತ್ತಾರೆ, ಅದಕ್ಕೆ ಏನು ಹೇಳಿದರೆ ಸುಮ್ಮನಾಗುತ್ತಾರೆ, ಎಲ್ಲ ತಯಾರಿತ್ತು. ತಿಳಿಯದೆ ಮಾರಿದವರು ಇಷ್ಟು ಸಲೀಸಾಗಿ ಉತ್ತರ ಕೊಡುವುದಿಲ್ಲ.

ಹೆಣೆದು ಮುಗಿಸಿದೆ. ತುಂಬಾ ಚೆನ್ನಾಗಿ ಬಂದಿತ್ತು. ಆ ಹಳದಿ ಪಕ್ಕ ನೀಲಿ ಕೂತಿದ್ದ ರೀತಿ ನೋಡಿ ಅಕ್ಕನೂ ತನಗೊಂದು ಬೇಕು ಅಂದಿದ್ದಳು. ಅಳತೆಗೆ ಎಳೆದು, ಕಂಬಳಿ ಮೇಲೆ ಪಿನ್ ಹಾಕಿ, ಮೇಲೊಂದು ಒದ್ದೆ ಬಟ್ಟೆ ಹಾಸಿ ಸ್ಟೀಮ್ ಕೊಡಲು ಶುರು ಮಾಡಿದೆ. ಇಸ್ತ್ರಿ ಪೆಟ್ಟಿಗೆ ತಾಗಿಸಲೇ ಇಲ್ಲ, ಬರೀ ಹಬೆ. ಉಣ್ಣೆಯಾಗಿದ್ದರೆ ಹೊಲಿಗೆಗಳು ಸಮವಾಗಿ ಕೂರುತ್ತವೆ, ರಿಬ್, ಅಂದರೆ ಅಂಚಿನ ಹಿಗ್ಗಿ ಕುಗ್ಗುವ ಪಟ್ಟಿ, ಮತ್ತೆ ಬಿಗಿಯಾಗುತ್ತದೆ. ಒದ್ದೆ ಬಟ್ಟೆ ಎತ್ತಿ ನೋಡಿದರೆ ಬಲತೋಳು ಹಿಂಡಿ ಹಾಕಿದ ಮಸಿಬಟ್ಟೆಯ ಹಾಗೆ ಬಿದ್ದಿತ್ತು. ರಿಬ್‌ನಲ್ಲಿ ಸೆಳೆತವೇ ಇಲ್ಲ. ಕೆಂಪು ಪಟ್ಟೆ ಹೊಳೆಯುತ್ತಿತ್ತು. ತೋಳಿನ ಅಂಚು ಅಗಲವಾಗಿ ಜೋತುಬಿದ್ದಿತ್ತು.

ಅಕ್ರಿಲಿಕ್ ಹೆಣೆದವರಿಗೆ ಇದು ಗೊತ್ತು. ಬಿಸಿ ಹಬೆಗೆ ಅದರ ಎಳೆ ಸಡಿಲವಾಗಿ ಸತ್ತುಹೋಗುತ್ತದೆ. ಮತ್ತೆ ಒಗೆದರೂ, ಹೇಗೆ ಒಣಗಿಸಿದರೂ ವಾಪಸ್ ಬರುವುದಿಲ್ಲ. ಆ ತೋಳು ನೋಡಿದ ತಕ್ಷಣ ನನಗೆ ಅರ್ಥವಾಯಿತು. ವಾರಗಟ್ಟಲೆ ರಾತ್ರಿ ಕೂತು ಹೆಣೆದಿದ್ದೆ. ಕೈಕಾಲು ತಣ್ಣಗಾಯಿತು.

ಉಳಿದ ಎಳೆ ತಗೊಂಡು ಸಿಂಕಿನ ಹತ್ತಿರ ಹೋಗಿ ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿದೆ. ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಬೆಂಕಿಯಿಂದ ತೆಗೆದರೆ ತಾನೇ ಆರುತ್ತದೆ. ಉಳಿಯುವ ಕರಿ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಇದು ಕರಗಿ ಕರಗಿ ಉರಿಯಿತು, ಕಪ್ಪು ಹೊಗೆ ಬಂತು, ಕೊನೆಗೆ ಕಲ್ಲಿನಂಥ ಕರಿ ಗುಂಡು ಉಳಿಯಿತು. ಐದೂ ಬಣ್ಣ ಸುಟ್ಟು ನೋಡಿದೆ. ಐದೂ ಹೀಗೇ. ಆದರೂ ಮನಸ್ಸು ಒಪ್ಪದೆ ಚಿಕ್ಕಪೇಟೆ ಕಡೆ ಹಳೇ ಉಲನ್ ಅಂಗಡಿಯೊಂದಕ್ಕೆ ಹೋಗಿ ತೋರಿಸಿದೆ. ಯಜಮಾನರು ಎಳೆಯನ್ನು ಎರಡು ಬೆರಳಲ್ಲಿ ಹೊಸೆದು ನೋಡಿ, ‘ಇದು ಕ್ಯಾಶ್ಮಿಲಾನ್ ಅಮ್ಮ, ಲುಧಿಯಾನದ್ದು ಇರಬೇಕು. ನಮ್ಮಲ್ಲೂ ಇದೆ, ಎಷ್ಟು ಬೇಕು?’ ಅಂದರು. ಕ್ಯಾಶ್ಮಿಲಾನ್ ಅಂದರೆ ಅಕ್ರಿಲಿಕ್ಕೇ. ಬೆಲೆ ಕೇಳಿದ ಮೇಲೆ ನಾನು ಕೊಟ್ಟ ಬೆಲೆ ಅವರಿಗೆ ಹೇಳಲು ಬಾಯಿ ಬರಲಿಲ್ಲ.

ಇನ್ನು ಪೇಜಿನವರ ಉತ್ತರಗಳು. ಒಂದೊಂದನ್ನೂ ಬರೆಯುತ್ತೇನೆ, ಏಕೆಂದರೆ ನಿಮಗೂ ಇದೇ ಸಾಲುಗಳು ಬರಬಹುದು.

ತೋಳಿನ ಫೋಟೊ ಕಳಿಸಿದ್ದಕ್ಕೆ: ‘ಹಾಯ್ ಡಿಯರ್, ಐರನ್ ಜಾಸ್ತಿ ಬಿಸಿ ಇತ್ತು ಅನ್ಸುತ್ತೆ. ಮೆರಿನೊ ತುಂಬಾ ಡೆಲಿಕೇಟ್.’ ಹಬೆಗೆ ಕರಗಿ ಹೊಳೆಯುವ ಉಣ್ಣೆ ಈ ಭೂಮಿ ಮೇಲೆ ಇಲ್ಲ.

ಸುಟ್ಟ ವಿಡಿಯೊ ಕಳಿಸಿದ್ದಕ್ಕೆ: ‘ಡೈ ಕೆಮಿಕಲ್‌ನಿಂದ ಹಾಗೆ ಆಗುತ್ತೆ ಮೇಡಂ.’ ಸರಿ, ಹಾಗಾದರೆ ನೀವೇ ‘ಬಣ್ಣ ಹಾಕದ್ದು’ ಅಂದ ಕೆನೆಬಿಳಿ ಯಾಕೆ ಕರಗಿತು? ಕೇಳಿದೆ. ಮೆಸೇಜ್ ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಮತ್ತೆ ಕೇಳಿದೆ. ಮತ್ತೆ ಕೇಳಿದೆ. ಇವತ್ತಿಗೂ ಅದಕ್ಕೆ ಉತ್ತರ ಇಲ್ಲ.

ಆಮೇಲೆ ಒಂದು ಎಳೆಯನ್ನು ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚಿನಲ್ಲಿ ರಾತ್ರಿ ಮುಳುಗಿಸಿಟ್ಟೆ. ಉಣ್ಣೆಯಾದರೆ ಬ್ಲೀಚಿನಲ್ಲಿ ಕರಗಿ ಇಲ್ಲವಾಗುತ್ತದೆ. ಇದು ಬೆಳಗ್ಗೆ ಹಾಗೇ ಇತ್ತು. ಆ ಫೋಟೊಗೆ ಬಂದ ಉತ್ತರ: ‘ಬ್ಲೀಚ್ ಹಾಕಬಾರದು ಅಂತ ಕೇರ್ ಕಾರ್ಡಲ್ಲಿ ಇದೆ. ಇನ್ನು ರಿಟರ್ನ್ ತಗೊಳ್ಳಕ್ಕಾಗಲ್ಲ.’ ನಾನು ಹಾಕಿದ್ದು ಕತ್ತರಿಸಿ ಉಳಿದಿದ್ದ ಬೆರಳುದ್ದದ ಎಳೆ!

ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು. ‘ಮೆರಿನೊ ಅನ್ನೋದು ನಮ್ಮ ರೇಂಜಿನ ಹೆಸರು ಮೇಡಂ. ಡಿಟೇಲ್ಸ್ ಸರಿಯಾಗಿ ಓದಿ.’ ಹೋಗಿ ನೋಡಿದರೆ ‘100% ಮೆರಿನೊ’ ಮಾಯ! ಆ ಜಾಗದಲ್ಲಿ ‘ಮೆರಿನೊ ಸಾಫ್ಟ್’ ಅಂತ ಇತ್ತು. ನನ್ನ ಜೊತೆ ಮಾತಾಡುತ್ತಲೇ ಆ ಕಡೆ ಬದಲಿಸಿದ್ದಾರೆ. ಅದೃಷ್ಟಕ್ಕೆ ನನ್ನ ಹತ್ತಿರ ಹಳೇ ಸ್ಕ್ರೀನ್‌ಶಾಟ್ ಇದೆ. ಗೆಳತಿಗೆ ತೋರಿಸಲು ತೆಗೆದಿಟ್ಟಿದ್ದು. ಅದನ್ನು ಕಳಿಸಿದೆ. 500 ರೂಪಾಯಿ ಕೂಪನ್ ಕೊಡ್ತೀವಿ, ಇಲ್ಲಿಗೆ ಬಿಡಿ ಅಂದರು. ಬೇಡ, ನನ್ನ ದುಡ್ಡು ಕೊಡಿ ಅಂದೆ. ಬ್ಲಾಕ್.

ಆ ಗೆಳತಿಯೂ ನನ್ನ ಮಾತು ಕೇಳಿ ಅಲ್ಲೇ ತರಿಸಿದ್ದಳು, ಮೊಮ್ಮಗುವಿಗೆ ಅಂತ. ಅವಳಿಗೆ ಫೋನ್ ಮಾಡಿ ಒಂದು ಎಳೆ ಸುಟ್ಟು ನೋಡೇ ಅಂತ ಹೇಳುವಾಗ ಆದ ನಾಚಿಕೆ ನನಗೆ ದುಡ್ಡಿಗಿಂತ ಜಾಸ್ತಿ. ಅವಳದ್ದೂ ಅಕ್ರಿಲಿಕ್ಕೇ. ಹಸುಗೂಸಿನ ಬಟ್ಟೆಗೆ ಅದು ಬೇಡ ಅಂತಲೇ ಅವಳು ಅಷ್ಟು ಹಣ ಹಾಕಿದ್ದು.

ನಾನು ಹೇಳುವುದು ಇಷ್ಟೇ. ಲಡಿ ಕೈಗೆ ಬಂದ ದಿನವೇ, ಉಂಡೆ ಸುತ್ತುವ ಮೊದಲೇ, ಒಂದು ಎಳೆ ಕತ್ತರಿಸಿ ಸುಡಿ. ಕರಗಿದ ಅಕ್ರಿಲಿಕ್ ಕೈಮೇಲೆ ಬಿದ್ದರೆ ಸುಟ್ಟುಬಿಡುತ್ತದೆ, ಇಕ್ಕಳದಲ್ಲಿ ಹಿಡಿದು ಸಿಂಕಿನ ಮೇಲೆ ಮಾಡಿ. ದುಡ್ಡು ಕಳಿಸುವ ಮೊದಲು ಪೇಜಿನ ಸ್ಕ್ರೀನ್‌ಶಾಟ್ ತೆಗೆದಿಡಿ. ಪ್ಯಾಕೆಟ್ ಮೇಲೆ ಪ್ಯಾಕ್ ಮಾಡಿದವರ ಹೆಸರು, ವಿಳಾಸ, ತೂಕ, ಎಂಆರ್‌ಪಿ ಇರಬೇಕು, ಅದು ಕಾನೂನು. ನನಗೆ ಬಂದದ್ದರ ಮೇಲೆ ಚೆಂದದ ಹೂವಿನ ಚಿತ್ರ ಮತ್ತು ‘ಥ್ಯಾಂಕ್ಯೂ’ ಬಿಟ್ಟರೆ ಏನೂ ಇರಲಿಲ್ಲ. ‘ಸೂಪರ್‌ವಾಶ್’ ಅಂದರೆ ನಂಬಬೇಡಿ, ಸೂಪರ್‌ವಾಶ್ ಉಣ್ಣೆಯೂ ಸುಟ್ಟರೆ ಕೂದಲಿನ ವಾಸನೆಯನ್ನೇ ಕೊಡುತ್ತದೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಆನ್‌ಲೈನ್ ವ್ಯಾಪಾರ ಮಾಡುವವರು ದೂರು ಬಂದ 48 ಗಂಟೆಯೊಳಗೆ ಅದನ್ನು ಸ್ವೀಕರಿಸಿದ್ದೇವೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಇವರು ಮಾಡಿದ್ದು ಬ್ಲಾಕ್. ಬೇರೆ ನಂಬರಿನಿಂದ ಈಗ ‘ದೂರು ವಾಪಸ್ ತಗೊಳ್ಳಿ, ಅರ್ಧ ಕೊಡ್ತೀವಿ’ ಅಂತ ಮೆಸೇಜ್ ಬಂದಿದೆ. ತಗೊಳ್ಳುವುದಿಲ್ಲ. ನನ್ನ 4,500 ಪೂರ್ತಿ ಬರಬೇಕು, ಗೆಳತಿಯದ್ದೂ ಬರಬೇಕು.